ಸಂವತ್ಸರವನ್ನು ಇಸವಿಗೆ ತಿರುಗಿಸುವಾಗ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ

ತಿಪಟೂರಿನ ನಿಮ್ಮ ಅಜ್ಜ ವಿಳಂಬಿ ಸಂವತ್ಸರದ ಪುಷ್ಯ ಶುದ್ಧದಲ್ಲಿ ತೀರಿಕೊಂಡರೆಂದೂ, 1958ರ ಪತ್ರಿಕೆಗಳಲ್ಲಿ ಎಷ್ಟು ಹುಡುಕಿದರೂ ಶ್ರದ್ಧಾಂಜಲಿ ಸಿಗಲಿಲ್ಲವೆಂದೂ ಬರೆದು, ಯಾವ ಆನ್‌ಲೈನ್ ಸಂಗ್ರಹಕ್ಕೆ ಚಂದಾ ಕಟ್ಟಬೇಕೆಂದು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ ನನ್ನ ಹನ್ನೊಂದು ಶನಿವಾರಗಳು ನೆನಪಾದವು.

ನನ್ನ ಅಜ್ಜ ಸಾಗರದಲ್ಲಿ ಇನ್ನೊಬ್ಬರ ಜೊತೆ ಪಾಲಿನಲ್ಲಿ ಅಡಿಕೆ ಮಂಡಿ ನಡೆಸುತ್ತಿದ್ದರು. ಅವರು ತೀರಿಕೊಂಡಾಗ ಅಪ್ಪನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಮಂಡಿಯ ಒಂದು ಖಾತೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಯಾರೋ ‘ಶಾರ್ವರಿ ಸಂ. ಮಾಘ ಬ. 5’ ಎಂದು, ಅಂದರೆ ಶಾರ್ವರಿ ಸಂವತ್ಸರದ ಮಾಘ ಬಹುಳ ಪಂಚಮಿ ಎಂದು, ಬರೆದಿಟ್ಟಿದ್ದರು. ಶ್ರಾದ್ಧಕ್ಕೆ ಮಾಸ, ಪಕ್ಷ, ತಿಥಿ ಇದ್ದರೆ ಸಾಕು. ಹಾಗಾಗಿ ಅರವತ್ತು ವರ್ಷ ತಪ್ಪದೆ ಶ್ರಾದ್ಧ ಮಾಡಿಕೊಂಡು ಬಂದ ನಮ್ಮ ಮನೆಯಲ್ಲಿ ಇಸವಿ ಯಾವುದೆಂದು ಯಾರೂ ಕೇಳಿರಲಿಲ್ಲ. ಅವರ ಸಾವಿನ ಸುದ್ದಿ ಪತ್ರಿಕೆಯಲ್ಲಿ ಸಿಕ್ಕೀತೆಂದು ನಾನು ಸಂವತ್ಸರಗಳ ಒಂದು ಪಟ್ಟಿಯನ್ನು ನೋಡಿದೆ. ಶಾರ್ವರಿಯ ಎದುರು 1960 ಎಂದಿತ್ತು. ಮಾಘವೆಂದರೆ ಜನವರಿ–ಫೆಬ್ರವರಿ ಎಂಬುದು ಗೊತ್ತಿತ್ತು. ಎರಡನ್ನೂ ಕೂಡಿಸಿ, 1960ರ ಜನವರಿಯಿಂದ ಏಪ್ರಿಲ್‌ವರೆಗಿನ ಪತ್ರಿಕೆಯ ಸಂಪುಟಗಳನ್ನು ಒಂದೊಂದಾಗಿ ತೆಗೆಸಿಕೊಂಡು ಕುಳಿತೆ. ರಟ್ಟು ಹಾಕುವವರು ಹೊಲಿಗೆಯನ್ನು ಒಳ ಅಂಚಿಗೆ ಬಿಗಿದಿದ್ದರಿಂದ ಒಳಗಿನ ಅಂಕಣದ ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರಗಳು ದಾರದ ಕೆಳಗೆ ಹೋಗಿದ್ದವು, ಕಾನೂನು ನೋಟೀಸುಗಳು ಹೆಚ್ಚಾಗಿ ಅದೇ ಅಂಕಣದಲ್ಲಿದ್ದವು. ಹನ್ನೊಂದು ಶನಿವಾರ ಕಳೆದರೂ ಏನೂ ಸಿಗದಿದ್ದಾಗ, ಸಣ್ಣ ಊರಿನ ವ್ಯಾಪಾರಿಯ ಸುದ್ದಿ ಪತ್ರಿಕೆಗೆ ಯಾಕೆ ಬಂದೀತು ಎಂದು ಕೈಬಿಟ್ಟೆ.

ತಪ್ಪು ಎಲ್ಲಿತ್ತೆಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಇಡೀ ಹುಡುಕಾಟ ನಿಂತಿರುವುದು ಇದರ ಮೇಲೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಶಾರ್ವರಿ 1960ರ ಮಾರ್ಚ್ ಕೊನೆಯಲ್ಲಿ ಶುರುವಾಗಿ 1961ರ ಮಾರ್ಚ್ ನಡುವಿಗೆ ಮುಗಿಯಿತು. ಮಾಘ ಹನ್ನೊಂದನೆಯ ತಿಂಗಳು. ಅಂದರೆ ಶಾರ್ವರಿಯ ಮಾಘ ಬಂದದ್ದು 1961ರಲ್ಲಿ. ನಾನು ನೋಡುತ್ತಿದ್ದ 1960ರ ಮಾಘ ಹಿಂದಿನ ವಿಕಾರಿ ಸಂವತ್ಸರದ್ದು. ಆ ಸಂಪುಟಗಳು ಅಚ್ಚಾದಾಗ ನನ್ನ ಅಜ್ಜ ಮಂಡಿಯಲ್ಲಿ ಕುಳಿತು ಅಡಿಕೆ ತೂಗಿಸುತ್ತಿದ್ದರು. ಇದು ನನಗೆ ಹೊಳೆದದ್ದು ಮರುವರ್ಷ ಅವರ ಶ್ರಾದ್ಧದ ದಿನ. ಪುರೋಹಿತರು ಸಂಕಲ್ಪದಲ್ಲಿ ಸಂವತ್ಸರ ಹೇಳಿ ‘ಶಿಶಿರ ಋತೌ, ಮಾಘ ಮಾಸೇ’ ಎನ್ನುತ್ತಿದ್ದಾಗ, ಯುಗಾದಿಗೆ ಇನ್ನು ಒಂದೂವರೆ ತಿಂಗಳಿದೆ, ಸಂವತ್ಸರ ಇನ್ನೂ ಹಳೆಯದೇ ಎಂಬುದು ಥಟ್ಟನೆ ಅರ್ಥವಾಯಿತು.

ಆಮೇಲೆ ಬೇಕಾದದ್ದು ಎರಡೇ ಶನಿವಾರ. 1961ರ ಮೇ ತಿಂಗಳ ಒಂದು ಸಂಚಿಕೆಯಲ್ಲಿ ಒಂಬತ್ತು ಸಾಲಿನ ಜಾಹೀರು ನೋಟೀಸು ಸಿಕ್ಕಿತು: ಪಾಲುದಾರರಲ್ಲೊಬ್ಬರು ಕಾಲವಾದ್ದರಿಂದ ಮಂಡಿಯ ಪಾಲುದಾರಿಕೆ ವಿಸರ್ಜನೆಯಾಗಿದೆ, ಬಾಕಿದಾರರು ಇಂಥವರಲ್ಲಿ ವಿಚಾರಿಸಬೇಕು. ಕೆಳಗೆ ವಾರಸುದಾರರ ಹೆಸರುಗಳಿದ್ದವು. ತಾಯಿಯ ಪೋಷಕತ್ವದಲ್ಲಿರುವ ಮೈನರ್ ಎಂದು ಅಪ್ಪನ ಹೆಸರು. ಅದಕ್ಕೂ ಮೇಲೆ ‘ಹಿರಿಯ ಮಗ, ಹಾಲಿ ವಾಸ ಬೊಂಬಾಯಿ’ ಎಂದು ನಾವು ಎಂದೂ ಕೇಳಿರದ ಒಂದು ಹೆಸರು. ತನಗೊಬ್ಬ ಅಣ್ಣನಿದ್ದನೆಂಬುದು ಅಪ್ಪನಿಗೆ ಅರವತ್ತು ದಾಟಿದ ಮೇಲೆ ಆ ಜೆರಾಕ್ಸ್ ಹಾಳೆಯಿಂದ ತಿಳಿಯಿತು. ಆತ ಯಾರ ಮಗ, ಯಾಕೆ ಮನೆ ಬಿಟ್ಟ, ಎಲ್ಲಿಗೆ ಹೋದ ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದರು: ಸೊರಬದಲ್ಲಿದ್ದ ಅಪ್ಪನ ಸೋದರತ್ತೆ. ನಾನು ತಪ್ಪು ವರ್ಷದ ಹಾಳೆ ತಿರುವುತ್ತಿದ್ದ ದಿನಗಳಲ್ಲಿ ಅವರು ಚೆನ್ನಾಗಿಯೇ ಮಾತನಾಡುತ್ತಿದ್ದರು. ಅದೇ ವರ್ಷದ ದೀಪಾವಳಿಯ ಹೊತ್ತಿಗೆ ತೀರಿಕೊಂಡರು. ದೊಡ್ಡಪ್ಪನ ವಿಷಯ ನಮಗೆ ಇಂದಿಗೂ ಅಷ್ಟೇ ಗೊತ್ತು.

ಈಗ ನಿಮ್ಮ ಪ್ರಶ್ನೆಗೆ. ಚಂದಾ ಕಟ್ಟಬೇಡಿ. ಹಳೆಯ ಮೊಳೆ ಅಚ್ಚಿನ ಕನ್ನಡವನ್ನು, ಅದರಲ್ಲೂ ಒತ್ತಕ್ಷರಗಳನ್ನು, ಕಂಪ್ಯೂಟರ್ ಎಷ್ಟೋ ಸಲ ತಪ್ಪಾಗಿ ಓದುತ್ತದೆ. ಹೆಸರು ಟೈಪ್ ಮಾಡಿ ಸಿಗಲಿಲ್ಲವೆಂದರೆ ಅದು ಅಲ್ಲಿಲ್ಲ ಎಂದು ಅರ್ಥವಲ್ಲ. ಶ್ರದ್ಧಾಂಜಲಿಯನ್ನೂ ಹುಡುಕಬೇಡಿ. ಅದಕ್ಕೆ ದುಡ್ಡು ಕೊಟ್ಟು ಹಾಕಿಸಬೇಕಿತ್ತು, ಆ ಕಾಲದ ಸಣ್ಣ ಊರಿನವರು ಹಾಕಿಸುತ್ತಿದ್ದದ್ದು ಅಪರೂಪ. ಕಾನೂನಿನ ಒತ್ತಾಯಕ್ಕೆ ಹಾಕಿಸಿದ ನೋಟೀಸುಗಳೇ ನಿಮಗೆ ಆಧಾರ. ನಿಮ್ಮ ಅಜ್ಜನ ಕೊಬ್ಬರಿ ಮಂಡಿಯಲ್ಲಿ ಮೂವರು ಪಾಲುದಾರರಿದ್ದರೆಂದು ನೀವೇ ಬರೆದಿದ್ದೀರಿ. 1932ರ ಪಾಲುದಾರಿಕೆ ಕಾಯಿದೆಯ 72ನೇ ಕಲಮಿನ ಪ್ರಕಾರ, ನೋಂದಾಯಿತ ಸಂಸ್ಥೆ ವಿಸರ್ಜನೆಯಾದರೆ ಅಥವಾ ಪಾಲುದಾರರೊಬ್ಬರು ನಿವೃತ್ತರಾದರೆ ಸರ್ಕಾರಿ ಗೆಜೆಟ್ಟಿನಲ್ಲೂ, ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷಾ ಪತ್ರಿಕೆಯಲ್ಲೂ ಪ್ರಕಟಿಸಬೇಕಿತ್ತು. ಪಾಲಿಗೆ ಸೇರಿಸಿಕೊಂಡಿದ್ದ ಮೈನರ್ ಪ್ರಾಯಕ್ಕೆ ಬಂದು ತಾನೂ ಪಾಲುದಾರನಾಗುವೆ ಅಥವಾ ಆಗಲಾರೆ ಎಂದು ತೀರ್ಮಾನಿಸಿದರೂ ಹೀಗೆಯೇ. ಅಂಥ ನೋಟೀಸು ಸಿಕ್ಕರೆ ಅವನು ಹುಟ್ಟಿದ ವರ್ಷವೂ ಹೆಚ್ಚು ಕಡಿಮೆ ಸಿಕ್ಕಂತೆ. ಪತ್ರಿಕೆ ಹುಳು ತಿಂದು ಹೋಗಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಗೆಜೆಟ್ ಕೇಳಿ. 1973ರವರೆಗೆ ರಾಜ್ಯದ ಹೆಸರು ಮೈಸೂರು ಎಂದೇ ಇದ್ದುದರಿಂದ ‘ಮೈಸೂರು ಗೆಜೆಟ್’ ಎಂದೇ ಕೇಳಬೇಕು. ಕೋರ್ಟಿನ ಪಾಲು ದಾವೆಗಳ ನೋಟೀಸುಗಳನ್ನೂ ಬಿಡಬೇಡಿ. ‘ಬಿನ್’ (ಮಗ) ಇಂಥವರು, ‘ಕೋಂ’ (ಹೆಂಡತಿ) ಇಂಥವರು ಎಂದು ಒಂದೇ ಸಾಲಿನಲ್ಲಿ ಎರಡು ತಲೆಮಾರು ಇರುತ್ತದೆ.

ನಿಮ್ಮ ತಾರೀಖಿಗೆ ಬಂದರೆ, ಪುಷ್ಯ ಮಾಸ ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಆದರೆ ವಿಳಂಬಿಯಲ್ಲಿ ಅಧಿಕ ಶ್ರಾವಣವೆಂಬ ಹೆಚ್ಚುವರಿ ತಿಂಗಳು ಬಂದು ಮುಂದಿನ ತಿಂಗಳುಗಳೆಲ್ಲ ತಡವಾದವು, ಹಾಗಾಗಿ ಪುಷ್ಯ ಶುದ್ಧ ಬಿದ್ದದ್ದು 1959ರ ಜನವರಿ ಎರಡು, ಮೂರನೆಯ ವಾರಗಳಲ್ಲಿ. ಅಲ್ಲಿಂದ ಮುಂದಕ್ಕೆ ಆರೇಳು ತಿಂಗಳು ನೋಡಿ. ಪ್ರಜಾವಾಣಿ 1948ರಲ್ಲೇ ಶುರುವಾಗಿತ್ತು, ಅದರಿಂದ ಆರಂಭಿಸಬಹುದು.

ಆದರೆ ಅದಕ್ಕೂ ಮೊದಲು, ಅರಸೀಕೆರೆಯಲ್ಲಿದ್ದಾರೆಂದು ನೀವು ಬರೆದಿರುವ ಆ ಅತ್ತೆಯ ಮನೆಗೆ ಈ ವಾರವೇ ಹೋಗಿ ಬನ್ನಿ. ಮಂಡಿಯಲ್ಲಿ ಯಾರ ಯಾರ ಪಾಲಿತ್ತು, ಅಜ್ಜನಿಗೆ ಎಷ್ಟು ಮದುವೆಯಾಗಿತ್ತು, ಊರು ಬಿಟ್ಟು ಹೋದವರು ಯಾರು ಎಂದು ಕೇಳಿ. ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಎಷ್ಟೋ ನೋಟೀಸುಗಳಲ್ಲಿ ‘ಉರುಫ್’ (ಅಲಿಯಾಸ್) ಎಂಬುದರ ಮುಂದೆ ಹಾಗೆಯೇ ಅಚ್ಚಾಗಿರುತ್ತದೆ.