ಬಿಲ್ಲಿಗೆ ನಿಮ್ಮ ನಂಬರ್ ಯಾಕೆ?

ಅಂಗಡಿಗಳಿಗೆ ಬಿಲ್ಲಿಂಗ್ ಸಿಸ್ಟಂ ಕೂರಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವಳು ನಾನು. ಹಾಗಾಗಿ ಈ ಸಲದ ಪತ್ರಗಳಿಗೆ ಉತ್ತರ ಕೌಂಟರಿನ ಆಚೆ ಬದಿಯಿಂದ.

ಪ್ರಶ್ನೆ: ಬಿಲ್ ಹಾಕುವ ಮೊದಲೇ ಮೊಬೈಲ್ ನಂಬರ್ ಕೇಳುತ್ತಾರೆ. ಕೊಡಲ್ಲ ಅಂದರೆ ‘ನಂಬರ್ ಹಾಕದೆ ಸಿಸ್ಟಂ ಮುಂದಕ್ಕೆ ಹೋಗಲ್ಲ’ ಅನ್ನುತ್ತಾರೆ. ಹಿಂದೆ ನಿಂತವರು ಗೊಣಗುತ್ತಾರೆ. ನಿಜವಾಗಿಯೂ ನಂಬರ್ ಬೇಕೇ ಬೇಕಾ? ಕೊಟ್ಟರೆ ಏನಾಗುತ್ತದೆ?

ಸಾಮಾನ್ಯವಾಗಿ ಬೇಡ. ನಾನು ಕೂರಿಸಿದ ಸಿಸ್ಟಂಗಳಲ್ಲೆಲ್ಲ ನಂಬರ್ ಕೊಡದ ಗಿರಾಕಿಗೆ ಅಂತಲೇ ಒಂದು ಖಾಲಿ ಖಾತೆ ಇರುತ್ತಿತ್ತು. ‘ವಾಕ್-ಇನ್ ಕಸ್ಟಮರ್’ ಅಂತ ಅದರ ಹೆಸರು. ಒಂದು ಬಟನ್ ಒತ್ತಿದರೆ ಬಿಲ್ ಬರುತ್ತಿತ್ತು. ಆದರೂ ಕ್ಯಾಷಿಯರ್ ಒತ್ತಾಯ ಮಾಡುತ್ತಾರೆ, ಯಾಕೆಂದರೆ ಎಷ್ಟು ಬಿಲ್ಲಿಗೆ ನಂಬರ್ ಸಿಕ್ಕಿತು ಅಂತ ಕೆಲವು ಕಡೆ ಅವರಿಗೂ ಟಾರ್ಗೆಟ್ ಇರುತ್ತದೆ. ಪಾಪ, ಅವರ ಮೇಲೆ ರೇಗಬೇಡಿ. ಜಗ್ಗದಿದ್ದರೆ ಮ್ಯಾನೇಜರನ್ನು ಕರೆಯಿರಿ ಅಂತ ಹೇಳಿ.

ಯಾವಾಗ ಹೇಳುತ್ತೀರಿ ಅನ್ನುವುದೂ ಮುಖ್ಯ. ಮೊದಲ ಸಾಮಾನು ಸ್ಕ್ಯಾನ್ ಆಗುವ ಮುಂಚೆಯೇ ‘ನಂಬರ್ ಬೇಡ, ಪೇಪರ್ ಬಿಲ್ ಸಾಕು’ ಅಂದುಬಿಡಿ. ಎಲ್ಲ ಸ್ಕ್ಯಾನ್ ಆಗಿ, ಚೀಲ ತುಂಬಿ, ಸಾಲು ಬೆಳೆದ ಮೇಲೆ ಬೇಡ ಅನ್ನಲು ಯಾರಿಗೂ ಧೈರ್ಯ ಸಾಲದು. ಸಬೂಬು ಹೇಳಲು ಹೋಗಬೇಡಿ. ‘ಫೋನ್ ತಂದಿಲ್ಲ’ ಅಂದರೆ ‘ಮನೆಯವರದ್ದು ಹೇಳಿ’ ಅಂತಾರೆ. ಬಾಯಿಗೆ ಬಂದ ನಂಬರೂ ಬೇಡ. ಅದು ಇನ್ಯಾರದ್ದೋ ಆಗಿರುತ್ತದೆ, ನಿಮ್ಮ ಬಿಲ್ಲಿನ ಮೆಸೇಜು ಅವರಿಗೆ ಹೋಗುತ್ತದೆ. ಕೊಡಲೇಬೇಕಾಗಿ ಬಂದರೆ ಚೀಟಿಯಲ್ಲಿ ಬರೆದು ತೋರಿಸಿ, ವಾಪಸ್ ತಗೊಳ್ಳಿ. ಸಾಲಿನಲ್ಲಿ ನಿಂತು ಜೋರಾಗಿ ಹೇಳಿದ ನಂಬರ್ ಎಷ್ಟು ಕಿವಿಗೆ ಬೀಳುತ್ತದೆ ಅಂತ ಯೋಚಿಸಿದ್ದೀರಾ?

ಇನ್ನು, ಕೊಟ್ಟರೆ ಏನಾಗುತ್ತದೆ ಅನ್ನುವುದು. ನಂಬರ್ ಇಲ್ಲದ ಬಿಲ್ ಬರೀ ಸಾಮಾನಿನ ಪಟ್ಟಿ. ನಂಬರ್ ಸೇರಿದರೆ ಹೋದ ವರ್ಷದ ಬಿಲ್, ನಿನ್ನೆಯ ಬಿಲ್, ಇನ್ನೊಂದು ಶಾಖೆಯ ಬಿಲ್ ಎಲ್ಲ ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ‘ಟಾರ್ಗೆಟ್’ ಅನ್ನುವ ಹೆಸರಿನ ಅಂಗಡಿಗಳ ವಿಷಯ 2012ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಪ್ರತಿ ಗಿರಾಕಿಗೂ ಅವರು ಒಂದು ಗುರುತಿನ ಸಂಖ್ಯೆ ಇಟ್ಟಿದ್ದರು. ವಾಸನೆಯಿಲ್ಲದ ಲೋಷನ್, ಕೆಲವು ವಿಟಮಿನ್ ಮಾತ್ರೆ, ಹೀಗೆ ಸುಮಾರು 25 ಸಾಮಾನುಗಳ ಖರೀದಿ ನೋಡಿ ಯಾರು ಗರ್ಭಿಣಿ ಇರಬಹುದು ಅಂತ ಅಂದಾಜು ಮಾಡುತ್ತಿದ್ದರು. ಆ ಪಟ್ಟಿಯಲ್ಲಿ ಒಂದೊಂದು ಸಾಮಾನೂ ಎಷ್ಟು ಸಾಧಾರಣ ನೋಡಿ. ಗುಟ್ಟಿನ ವಸ್ತು ಯಾವುದೂ ಇಲ್ಲ. ‘ನಾನು ಮುಚ್ಚಿಡುವಂಥದ್ದೇನೂ ಕೊಳ್ಳಲ್ಲ’ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಪ್ರಶ್ನೆ: ನಾನು ಯಾವಾಗಲೂ ಕ್ಯಾಶ್ ಕೊಡುತ್ತೇನೆ. ಪಾಯಿಂಟ್ಸ್ ಕಾರ್ಡ್ ಮಾತ್ರ ಬಿಡಲು ಮನಸ್ಸಿಲ್ಲ. ತೊಂದರೆ ಇಲ್ಲ ತಾನೆ?

ಅಯ್ಯೋ, ಹಾಗಾದರೆ ಕ್ಯಾಶ್ ಕೊಟ್ಟೂ ಪ್ರಯೋಜನವಿಲ್ಲ. ಲೆಕ್ಕ ಬರೆಯುವುದೇ ಪಾಯಿಂಟ್ಸ್ ಕಾರ್ಡ್. ದುಡ್ಡು ಹೇಗೆ ಕೊಟ್ಟಿರಿ ಅನ್ನುವುದು ಅದಕ್ಕೆ ಬೇಕಿಲ್ಲ.

ಕಾರ್ಡ್ ಬಿಸಾಡಿ ಅಂತ ಹೇಳಲಾರೆ. ನನ್ನ ಪರ್ಸಿನಲ್ಲೂ ಒಂದಿದೆ. ದಿನಸಿ, ಸೋಪು, ಪೊರಕೆಗೆ ತೋರಿಸುತ್ತೇನೆ. ಔಷಧಿಗೆ, ಒಳಉಡುಪಿಗೆ, ಪುಸ್ತಕಕ್ಕೆ ತೋರಿಸುವುದಿಲ್ಲ. ಆ ಬಿಲ್ ಬೇರೆ ಮಾಡಿಸಿ ಕ್ಯಾಶ್ ಕೊಡುತ್ತೇನೆ. ಸಿಗುವ ರಿಯಾಯಿತಿ ನಮ್ಮ ಮಾಹಿತಿಗೆ ಅವರು ಕೊಡುವ ಬೆಲೆ. ಸಾಕು ಅನ್ನಿಸಿದರೆ ಮಾರಿ, ಚೌಕಾಸಿ ನಿಮಗೆ ಬಿಟ್ಟಿದ್ದು.

‘ಹೆಸರು ತೆಗೆದ ಮೇಲೇ ಮಾಹಿತಿ ಬಳಸುತ್ತೇವೆ’ ಅನ್ನುವ ಸಾಲು ನಂಬಿ ನೆಮ್ಮದಿಯಾಗಿರಬೇಡಿ. 11 ಲಕ್ಷ ಜನರ ಮೂರು ತಿಂಗಳ ಕ್ರೆಡಿಟ್ ಕಾರ್ಡ್ ದಾಖಲೆಗಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಸರೇ ಇಲ್ಲದ ಆ ದಾಖಲೆಗಳಲ್ಲಿ, ಯಾವ ದಿನ ಯಾವ ಅಂಗಡಿಗೆ ಹೋಗಿದ್ದರು ಅನ್ನುವ ನಾಲ್ಕೇ ಸಂಗತಿ ಗೊತ್ತಿದ್ದರೆ 90% ಜನರನ್ನು ಬೇರೆಯಾಗಿ ಗುರುತಿಸಬಹುದಿತ್ತು.

ಮತ್ತೆ, ಅಂಗಡಿಯವರು ಒಳ್ಳೆಯವರೇ ಇರಬಹುದು, ಕಳ್ಳರು ಒಳ್ಳೆಯವರಲ್ಲವಲ್ಲ. 2013ರ ಕೊನೆಯಲ್ಲಿ ಅದೇ ಟಾರ್ಗೆಟ್‌ನಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳುವಾಯಿತು. ಸುಮಾರು 7 ಕೋಟಿ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್, ಇಮೇಲ್‌ಗಳೂ ಹೋದವು. ಕಳ್ಳರು ಒಳನುಗ್ಗಿದ್ದು ಫ್ರಿಜ್, ಏಸಿ ರಿಪೇರಿ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು! ನೀವು ಕೊಡದ ನಂಬರನ್ನು ಯಾರೂ ಕದಿಯಲಾರರು.

ಪ್ರಶ್ನೆ: ಅಂಗಡಿಯೊಳಗೆ ಸುಮ್ನೆ ಓಡಾಡಿದರೂ ಫೋನ್ ನಮ್ಮ ಸುಳಿವು ಕೊಡುತ್ತದಂತೆ, ಹೌದಾ?

ಕೊಡುತ್ತಿತ್ತು. ವೈಫೈ ಆನ್ ಇದ್ದರೆ ಫೋನ್ ಹತ್ತಿರದ ನೆಟ್‌ವರ್ಕ್ ಹುಡುಕುತ್ತಾ ತನ್ನ ಗುರುತಿನ ಸಂಖ್ಯೆಯನ್ನು ಕೂಗುತ್ತಲೇ ಇರುತ್ತಿತ್ತು. ಅದನ್ನು ಹಿಡಿದು ಗಿರಾಕಿ ಯಾವ ವಿಭಾಗದಲ್ಲಿ ಎಷ್ಟು ಹೊತ್ತು ನಿಂತರು ಅಂತ ಅಳೆಯಬಹುದಿತ್ತು. ಅಮೆರಿಕದ ನಾರ್ಡ್‌ಸ್ಟ್ರಾಮ್ ಅನ್ನುವ ಅಂಗಡಿ ಕಂಪನಿ ಹೀಗೆ ಪ್ರಯೋಗ ಮಾಡಿ 2013ರಲ್ಲಿ ನಿಲ್ಲಿಸಿತು. ಮುಂದಿನ ವರ್ಷ ಬಂದ ಐಓಎಸ್ 8 ಅನ್ನುವ ಸಾಫ್ಟ್‌ವೇರ್‌ನಿಂದ ಐಫೋನ್‌ಗಳು ನೆಟ್‌ವರ್ಕ್ ಹುಡುಕುವಾಗ ಸುಳ್ಳು ಸಂಖ್ಯೆ ತೋರಿಸಲು ಶುರು ಮಾಡಿದವು. ಈಗಿನ ಆಂಡ್ರಾಯ್ಡ್ ಫೋನ್‌ಗಳೂ ಹಾಗೇ.

ಆದರೆ ಅಂಗಡಿಯ ಫ್ರೀ ವೈಫೈಗೆ ನಂಬರ್ ಕೊಟ್ಟು ಒಟಿಪಿ ಹಾಕಿದಿರೋ, ಅಷ್ಟೂ ವ್ಯರ್ಥ. ಅಂಗಡಿಯ ಆ್ಯಪ್ ಇದ್ದರೆ ಲೊಕೇಶನ್, ಬ್ಲೂಟೂತ್ ಅನುಮತಿ ತೆಗೆಯಿರಿ.

ಪ್ರಶ್ನೆ: ಕ್ಯಾಮೆರಾದಿಂದ ತಪ್ಪಿಸಿಕೊಳ್ಳುವುದು ಹೇಗೆ?

ಕಷ್ಟ. ನಂಬರ್ ಬದಲಿಸಬಹುದು, ಮುಖ ಬದಲಿಸಲಾದೀತೇ? ಕೆನಡಾದ ಒಂದು ಕಂಪನಿ ತನ್ನ 12 ಮಾಲ್‌ಗಳಲ್ಲಿ ದಾರಿ ತೋರಿಸುವ ಡಿಜಿಟಲ್ ಬೋರ್ಡಿನೊಳಗೇ ಕ್ಯಾಮೆರಾ ಅಡಗಿಸಿತ್ತು. ನೋಡುವವರ ವಯಸ್ಸು, ಲಿಂಗ ಅಂದಾಜು ಮಾಡಲಂತೆ. ಬಾಗಿಲಲ್ಲಿ ಸ್ಟಿಕ್ಕರ್ ಅಂಟಿಸಿದ್ದೇವಲ್ಲ ಅಂದಿತು ಕಂಪನಿ. ಅದು ಒಪ್ಪಿಗೆ ಆಗುವುದಿಲ್ಲ ಅಂತ ಅಲ್ಲಿನ ಪ್ರೈವಸಿ ಕಮಿಷನರ್‌ಗಳು 2020ರಲ್ಲಿ ಹೇಳಿದರು.

ಮುಖ ಗುರುತಿಸುವ ಯಂತ್ರ ತಪ್ಪೂ ಮಾಡುತ್ತದೆ. ಅಮೆರಿಕದ ರೈಟ್ ಏಡ್ ಔಷಧಿ ಅಂಗಡಿಗಳಲ್ಲಿ ಅದು ಅಮಾಯಕರನ್ನು ಕಳ್ಳರೆಂದು ತೋರಿಸಿತ್ತು. 2023ರಲ್ಲಿ ಐದು ವರ್ಷ ಅದನ್ನು ಬಳಸಬಾರದೆಂದು ಆದೇಶವಾಯಿತು. ನೀವು ಮಾಡಬಹುದಾದದ್ದು ಇಷ್ಟೇ: ‘ಇದು ಬರೀ ಸಿಸಿಟಿವಿಯೋ, ಮುಖವನ್ನೂ ಗುರುತಿಸುತ್ತದೋ’ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡದ ಅಂಗಡಿಗೆ ನಾನಂತೂ ಮತ್ತೆ ಹೋಗಲ್ಲ.

ಪ್ರಶ್ನೆ: ಹುಟ್ಟುಹಬ್ಬದ ರಿಯಾಯಿತಿಗೆ ಜನ್ಮದಿನಾಂಕ ಕೊಡಬಹುದಾ?

ತಿಂಗಳು ಹೇಳಿ, ಸಾಕು. ಇಸವಿ ಬೇಡವೇ ಬೇಡ.