ವೈರಿ ಕಾಲೇಜು ನಮ್ಮ ಕಾನ್ಫರೆನ್ಸ್‌ಗೇ ಬಂದರೆ ಅಭಿಮಾನಿಗಳು ನಿಜವಾಗಿ ಸ್ವಾಗತಿಸುತ್ತಾರಾ?

ನಿಮ್ಮ ಪ್ರಶ್ನೆ ಹೀಗಿದೆ: ಟೆಕ್ಸಾಸ್ ಎ ಅಂಡ್ ಎಂ ಅಭಿಮಾನಿಗಳು 2021ರಲ್ಲಿ ಆಸ್ಟಿನ್‌ನ ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ತಮ್ಮ ಕಾನ್ಫರೆನ್ಸ್‌ಗೆ, ಅಂದರೆ ಕಾಲೇಜು ಫುಟ್‌ಬಾಲ್ ಗುಂಪಿಗೆ, ಬರುವುದೇ ಬೇಡ ಎಂದು ಕೂಗಾಡಿದರು. 2024ರಲ್ಲಿ ಅದೇ ಜನ ಯುಟಿ ಜೊತೆಗಿನ ಪಂದ್ಯದ ಟಿಕೆಟ್‌ಗೆ ಮುಗಿಬಿದ್ದರು. ಇದು ಸ್ವಾಗತವಾ, ನಾಟಕವಾ? ನಿಮ್ಮ ತಮ್ಮ ಈಗ ಆಸ್ಟಿನ್‌ನಲ್ಲಿ ಓದುತ್ತಿದ್ದಾನೆ, ಪಂದ್ಯಕ್ಕೆ ಹೋಗಬಹುದಾ ಎಂದೂ ಕೇಳಿದ್ದೀರಿ.

ನಾಟಕ ಖಂಡಿತ ಅಲ್ಲ. ಪಂದ್ಯ ವಾಪಸ್ ಬಂತಲ್ಲ ಅಂತ ಕುಣಿದರು. ಅದರ ಜೊತೆ ಯುಟಿಯೂ ಬಂತಲ್ಲ ಅಂತ ಹಲ್ಲು ಕಡಿದರು. ಎರಡೂ ಒಬ್ಬನೇ ಮನುಷ್ಯ, ಒಂದೇ ಸಂಜೆ. ನಾನೂ ಆ ಪೈಕಿಯೇ. 2010ರಲ್ಲಿ ಎ ಅಂಡ್ ಎಂಗೆ ಎಂ.ಎಸ್. ಮಾಡಲು ಬಂದವನು, ಈಗ ಹ್ಯೂಸ್ಟನ್‌ನಲ್ಲಿದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಒಂದು ಕಡೆಯ ವಾಲಿಕೆ ಇದ್ದೇ ಇರುತ್ತದೆ, ಅಷ್ಟು ಕಳೆದು ಓದಿಕೊಳ್ಳಿ.

ಬೇರೆಯವರೂ ಓದುತ್ತಾರೆ, ಆದ್ದರಿಂದ ಕಾನ್ಫರೆನ್ಸ್ ಬಗ್ಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ. ಕಾಲೇಜುಗಳು ಗುಂಪು ಕಟ್ಟಿಕೊಂಡಿರುತ್ತವೆ, ಸೀಸನ್‌ನ ಹೆಚ್ಚಿನ ಪಂದ್ಯಗಳು ಆ ಗುಂಪಿನೊಳಗೇ ನಡೆಯುತ್ತವೆ. ಟಿವಿ ಹಕ್ಕನ್ನು ಗುಂಪೇ ಮಾರಿ ದುಡ್ಡು ಹಂಚಿಕೊಳ್ಳುತ್ತದೆ. ಸೋತವರನ್ನು ಕೆಳಗಿನ ದರ್ಜೆಗೆ ತಳ್ಳುವ ಪದ್ಧತಿ ಇಲ್ಲ. ಹೊಸಬರು ಒಳಗೆ ಬರಬೇಕಾದರೆ ಇರುವವರು ಓಟು ಹಾಕಿ ಕರೆಯಬೇಕು. ದಕ್ಷಿಣದ ರಾಜ್ಯಗಳ ಎಸ್‌ಇಸಿ, ಅಂದರೆ ಅಲಬಾಮಾ, ಜಾರ್ಜಿಯಾ, ಫ್ಲೋರಿಡಾ, ಎಲ್‌ಎಸ್‌ಯು ಇರುವ ಗುಂಪು, ಇವುಗಳಲ್ಲಿ ಬಲು ಗಟ್ಟಿ.

ಈಗ ಈ ಎರಡು ಕಾಲೇಜುಗಳು. ನಡುವೆ ಸುಮಾರು 160 ಕಿಲೋಮೀಟರ್. ಯುಟಿ ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್‌ನಲ್ಲಿ. ಇನ್ನೊಂದು ಕಾಲೇಜ್ ಸ್ಟೇಷನ್ ಎಂಬ ಊರಲ್ಲಿ, ಬೇಸಾಯ ಮತ್ತು ಮಿಲಿಟರಿ ತರಬೇತಿಗೆ ಹೆಸರಾದ ಕಾಲೇಜಾಗಿ ಶುರುವಾದದ್ದು. ಮೊದಲ ಪಂದ್ಯ 1894ರಲ್ಲಿ, ಯುಟಿ 38-0ರಿಂದ ಗೆದ್ದಿತು. ನಮ್ಮ ಕಡೆ ಇಂಥವರನ್ನು ದಾಯಾದಿಗಳು ಅನ್ನುತ್ತೇವಲ್ಲ, ಹಾಗೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಇಲ್ಲಿ ಆಸ್ತಿ ಪಾಲೂ ಇದೆ. ಪಶ್ಚಿಮ ಟೆಕ್ಸಾಸ್‌ನಲ್ಲಿ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಬಿಟ್ಟುಕೊಟ್ಟ ಭೂಮಿಯಲ್ಲಿ ಎಣ್ಣೆ ಸಿಕ್ಕಿತು. ಆ ದುಡ್ಡಿನಿಂದ ಬೆಳೆದ ನಿಧಿಯ ಆದಾಯದಲ್ಲಿ ಮೂರರಲ್ಲಿ ಎರಡು ಪಾಲು ಯುಟಿ ಕಡೆಗೆ, ಒಂದು ಪಾಲು ಎ ಅಂಡ್ ಎಂ ಕಡೆಗೆ. ಇವತ್ತಿಗೂ ಹಾಗೇ. ಅಣ್ಣನಿಗೆ ಜಾಸ್ತಿ, ತಮ್ಮನಿಗೆ ಕಮ್ಮಿ. ಇಷ್ಟು ಗೊತ್ತಾದರೆ ಸಾಕು, ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

1915ರಲ್ಲಿ ಎ ಅಂಡ್ ಎಂ 13-0ರಿಂದ ಗೆದ್ದಿತ್ತು. 1917ರಲ್ಲಿ ಎ ಅಂಡ್ ಎಂನ ಕೆಲವರು ರಾತ್ರಿ ಹೋಗಿ ಯುಟಿಯ ಲಾಂಛನವಾದ ಎತ್ತು ಬೀವೋನ ಮೈಮೇಲೆ 13-0 ಎಂದು ಬರೆ ಹಾಕಿ ಬಂದರು. ಪಾಪ, ಎತ್ತು ಏನು ಮಾಡಿತ್ತು? ಆದರೆ ಈ ಕಥೆಯನ್ನು ಇವತ್ತಿಗೂ ಎರಡೂ ಕಡೆಯವರು ಹೇಳಿಕೊಂಡು ನಗುತ್ತಾರೆ.

ನಗುವ ವಿಷಯವಲ್ಲದ್ದೂ ಒಂದಿದೆ. ಪ್ರತಿ ವರ್ಷ ಈ ಪಂದ್ಯಕ್ಕೆ ಮುಂಚೆ ಎ ಅಂಡ್ ಎಂ ವಿದ್ಯಾರ್ಥಿಗಳು ಸಾವಿರಾರು ಮರದ ದಿಮ್ಮಿ ಒಟ್ಟಿ ದೊಡ್ಡ ಬೆಂಕಿ ಹಾಕುತ್ತಿದ್ದರು. ಯುಟಿಯನ್ನು ಸೋಲಿಸುವ ಕಿಚ್ಚು ಎಷ್ಟಿದೆ ಅಂತ ತೋರಿಸುವುದು ಅದರ ಉದ್ದೇಶ. 1999ರ ನವೆಂಬರ್ 18ರ ನಸುಕಿನಲ್ಲಿ ಕಟ್ಟುತ್ತಿದ್ದ ಆ ಒಟ್ಟಿಲು ಕುಸಿಯಿತು. 12 ಜನ ಸತ್ತರು, 27 ಜನಕ್ಕೆ ಗಾಯ. ಯುಟಿ ವಿದ್ಯಾರ್ಥಿಗಳು ಆ ವಾರ ಮಾಡಬೇಕಿದ್ದ ತಮ್ಮ ಗದ್ದಲದ ಸಭೆಯನ್ನು ಬಿಟ್ಟು ಮೇಣದಬತ್ತಿ ಹಚ್ಚಿ ಶೋಕಸಭೆ ಮಾಡಿದರು. ಎಂಟು ದಿನದ ನಂತರ ಪಂದ್ಯ. ವಿರಾಮದಲ್ಲಿ ಯುಟಿಯ ಬ್ಯಾಂಡ್ ಶೋಕದ ರಾಗ ನುಡಿಸಿ, ಟೋಪಿ ತೆಗೆದು, ಮಾತಿಲ್ಲದೆ ಮೈದಾನದಿಂದ ನಡೆದು ಹೋಯಿತು. ಆಗ ಕ್ಯಾಂಪಸ್‌ನಲ್ಲಿದ್ದ ಹಿರಿಯರು ಇದನ್ನು ಮರೆತಿಲ್ಲ. ಯುಟಿಯನ್ನು ಬಾಯಿ ತುಂಬ ಬೈಯುವ ಮನುಷ್ಯ ಕೂಡ ಈ ವಿಷಯಕ್ಕೆ ಬಂದರೆ ದನಿ ಇಳಿಸುತ್ತಾನೆ. ಇವರದು ಬರೀ ದ್ವೇಷ ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಿದ್ದರೆ ಬೇರೆಯಾದದ್ದು ಯಾಕೆ? ದುಡ್ಡು ಮತ್ತು ಅಹಂ. ಇಬ್ಬರೂ ಮೊದಲು ಸೌತ್‌ವೆಸ್ಟ್ ಕಾನ್ಫರೆನ್ಸ್‌ನಲ್ಲಿದ್ದರು. ಅದು ಮುರಿದ ಮೇಲೆ 1996ರಿಂದ ಬಿಗ್ 12ರಲ್ಲಿ. 2011ರಲ್ಲಿ ಯುಟಿ ಕ್ರೀಡಾ ಚಾನೆಲ್ ಕಂಪನಿ ಇಎಸ್‌ಪಿಎನ್ ಜೊತೆ ಸೇರಿ ತನ್ನದೇ ಒಂದು ಟಿವಿ ಚಾನೆಲ್ ಶುರು ಮಾಡಿತು. ಒಪ್ಪಂದ 20 ವರ್ಷಕ್ಕೆ, ಒಟ್ಟು ಸುಮಾರು 30 ಕೋಟಿ ಡಾಲರ್. ಒಂದೇ ಗುಂಪಿನಲ್ಲಿದ್ದುಕೊಂಡು ಒಬ್ಬನಿಗೆ ಮಾತ್ರ ಸ್ವಂತ ಚಾನೆಲ್ ಅಂದರೆ ಉಳಿದವರ ಹೊಟ್ಟೆ ಉರಿಯದೆ ಇರುತ್ತಾ? ಎ ಅಂಡ್ ಎಂ ಗಂಟುಮೂಟೆ ಕಟ್ಟಿತು. 2012ರ ಜುಲೈ 1ರಂದು ಎಸ್‌ಇಸಿ ಸೇರಿತು.

ಹೊರಡುವ ಮುಂಚಿನ ಕೊನೆಯ ಪಂದ್ಯಕ್ಕೆ, 2011ರ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ಕೊನೆಯ ಹಬ್ಬ) ರಾತ್ರಿ, ನಾನು ಎ ಅಂಡ್ ಎಂನ ಸ್ಟೇಡಿಯಂ ಕೈಲ್ ಫೀಲ್ಡ್‌ನಲ್ಲಿದ್ದೆ. ಎ ಅಂಡ್ ಎಂ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೆ ಕೂರುವಂತಿಲ್ಲ. ತಂಡಕ್ಕೆ ಬೇಕಾದರೆ ಇಳಿಯಲು ಸಿದ್ಧ ಎನ್ನುವ ಹನ್ನೆರಡನೇ ಆಟಗಾರ ನಾವು. ಆ ಹೊತ್ತಿಗೆ ನನಗೆ ಆಟದ ನಿಯಮ ಅರ್ಧಂಬರ್ಧ ಗೊತ್ತಿತ್ತು. ಎರಡು ನಿಮಿಷಕ್ಕೂ ಕಡಿಮೆ ಇದ್ದಾಗ ನಮ್ಮವರು 25-24ರಿಂದ ಮುಂದಾದರು. ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗ ನನ್ನನ್ನು ಎತ್ತಿಯೇ ಬಿಟ್ಟ. ಕೊನೆಯ ಗಳಿಗೆಯಲ್ಲಿ ಯುಟಿಯ ಜಸ್ಟಿನ್ ಟಕರ್ 40 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 27-25. ಮುಗಿಯಿತು ಕಥೆ. ಸೋಲಿಗಿಂತ ಜಾಸ್ತಿ ಉರಿಸಿದ್ದು ತಿರುಗಿಸಿ ಕೊಡಲು ಮುಂದಿನ ವರ್ಷ ಇಲ್ಲ ಅನ್ನುವುದು.

ಆಮೇಲೆ 12 ಸೀಸನ್ ಇವರಿಬ್ಬರೂ ಆಡಲೇ ಇಲ್ಲ. ಆಡದೆ ಇದ್ದದ್ದಕ್ಕೆ ಎರಡೂ ಕಡೆಯವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಿದ್ದರು. ಶುರುವಿನಲ್ಲಿ ನಮಗೆ ಅದರ ಚಿಂತೆ ಇರಲಿಲ್ಲ. 2012ರಲ್ಲೇ ಜಾನಿ ಮಾಂಜೆಲ್ ಎಂಬ ಹುಡುಗ ಅಲಬಾಮಾವನ್ನು ಅವರ ಮನೆಯಂಗಳದಲ್ಲೇ 29-24ರಿಂದ ಸೋಲಿಸಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನೂ ಗೆದ್ದ. ಅಲ್ಲಿ ಯುಟಿ ಸೊರಗಿತ್ತು. ದೂರದಲ್ಲಿ ನಿಂತು ನೋಡುವುದರ ಮಜವೇ ಬೇರೆ.

ಆದರೆ ಒಂದು ವಿಚಿತ್ರ ನೋಡಿ. ಎ ಅಂಡ್ ಎಂನ ಹೋರಾಟದ ಹಾಡಿನ ತುಂಬ ಇರುವುದೇ ಯುಟಿ. ಹಾಡು ಮುಗಿದ ತಕ್ಷಣ ಇಡೀ ಸ್ಟೇಡಿಯಂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಆ ಕಡೆ ಈ ಕಡೆ ತೂಗಾಡುತ್ತದೆ. ಯುಟಿಯ ಎತ್ತಿನ ಕೊಂಬನ್ನು ಗರಗಸದಲ್ಲಿ ಕೊಯ್ಯುವ ಆಟ ಅದು. ಎದುರು ಸೌತ್ ಕ್ಯಾರೊಲೈನಾ ಇರಲಿ, ಮಿಸಿಸಿಪಿ ಇರಲಿ, ನಾವು ಕೊಯ್ಯುವುದು ಯುಟಿಯ ಕೊಂಬು. ಹೊರಗಿನಿಂದ ಬಂದ ಅಭಿಮಾನಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೈದಾನದಲ್ಲಿ ಇಲ್ಲದವರನ್ನು 12 ಸೀಸನ್ ಬೈದೆವು. "ಅವರು ನಮಗೆ ಲೆಕ್ಕಕ್ಕೇ ಇಲ್ಲ" ಎಂದೂ ಹೇಳುತ್ತಿದ್ದೆವು. ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಇನ್ನು 2021ರ ರಂಪ. ಜುಲೈ 21ರಂದು ಹ್ಯೂಸ್ಟನ್‌ನ ಪತ್ರಿಕೆಯೊಂದು ಸುದ್ದಿ ಒಡೆಯಿತು: ಯುಟಿ ಮತ್ತು ಒಕ್ಲಹೋಮಾ ಎಸ್‌ಇಸಿ ಬಾಗಿಲು ತಟ್ಟುತ್ತಿವೆ. ಎ ಅಂಡ್ ಎಂನ ಆಗಿನ ಕ್ರೀಡಾ ನಿರ್ದೇಶಕ ರಾಸ್ ಬ್ಯೋರ್ಕ್ ಅವತ್ತೇ, ಟೆಕ್ಸಾಸ್‌ನಿಂದ ಎಸ್‌ಇಸಿಯಲ್ಲಿ ಇರುವುದು ನಾವೊಬ್ಬರೇ ಆಗಿರಬೇಕು ಎಂದರು. ನನಗೂ ಸಿಟ್ಟು ಬಂದಿತ್ತು. ಆ ಸಿಟ್ಟಿಗೆ ಯುಟಿ ಮೇಲಿನ ದ್ವೇಷ ಅರ್ಧ ಕಾರಣ. ಉಳಿದರ್ಧ ವ್ಯಾಪಾರ. ಹ್ಯೂಸ್ಟನ್, ಡಲ್ಲಾಸ್ ಹೈಸ್ಕೂಲ್‌ಗಳ ಒಳ್ಳೆಯ ಆಟಗಾರರ ಮನೆಗೆ ಹೋಗಿ, "ಮನೆ ಹತ್ತಿರವೇ ಇದ್ದು ಎಸ್‌ಇಸಿಯಲ್ಲಿ ಆಡಬೇಕಾ? ನಮ್ಮಲ್ಲಿ ಮಾತ್ರ ಸಾಧ್ಯ" ಎಂದು ಹೇಳಬಹುದಿತ್ತು. ಅದು ಕೈತಪ್ಪುತ್ತದೆ. ಒಂದೇ ರಾಜ್ಯದ ಎರಡನೇ ಕಾಲೇಜನ್ನು ಒಳಗೆ ಬಿಡಬಾರದು ಅಂತ ಎಸ್‌ಇಸಿಯ ಕೆಲವು ಕಾಲೇಜುಗಳ ನಡುವೆ ಬಾಯಿಮಾತಿನ ಒಪ್ಪಂದ ಇದೆ ಎಂಬ ಸುದ್ದಿಯೂ ಬಹಳ ಕಾಲದಿಂದ ಓಡಾಡುತ್ತಿತ್ತು. ನಮ್ಮವರು ಅದನ್ನೇ ನಂಬಿ ಕೂತಿದ್ದರು.

ಕೂಗಾಟ ಎಷ್ಟು ದಿನ ನಡೆಯಿತು? ಒಂದು ವಾರ. 28ರಂದು ಎ ಅಂಡ್ ಎಂನ ಆಡಳಿತ ಮಂಡಳಿ ಸೇರಿ 8-1ರಿಂದ "ಹೂಂ" ಎಂದು ತೀರ್ಮಾನಿಸಿತು. ಮಾರನೇ ದಿನ ಎಸ್‌ಇಸಿಯಲ್ಲಿ ಓಟು: 14-0. ಸೇರಿಸಿಕೊಳ್ಳಲು 11 ಓಟು ಸಾಕಿತ್ತು. ನಾವೊಬ್ಬರೇ ಬೇಡ ಅಂದಿದ್ದರೂ ಏನೂ ನಿಲ್ಲುತ್ತಿರಲಿಲ್ಲ. ಅಂದ ಮೇಲೆ ಒಂಟಿಯಾಗಿ ಮುನಿಸಿಕೊಂಡು ಕೂರುವುದು ಯಾಕೆ? ಮೇಲಿನವರು ಒಪ್ಪಿದ್ದು ಈ ಲೆಕ್ಕದಿಂದ, ಮತ್ತೆ ಟಿವಿ ದುಡ್ಡಿನಿಂದ. ಅಭಿಮಾನಿಗಳು ಒಪ್ಪಿದ್ದು ಬೇರೆ ರೀತಿ. ಮೊದಲು "ಬರಲಿ, ಇಲ್ಲಿ ಪ್ರತಿ ಶನಿವಾರ ಒದೆ ತಿನ್ನಲಿ" ಎಂದರು. ಆಮೇಲೆ ನಿಧಾನಕ್ಕೆ ಬೇರೆ ಮಾತು ಶುರುವಾಯಿತು: ಪಂದ್ಯ ಯಾವಾಗ? ಮೊದಲು ಎಲ್ಲಿ? ಥ್ಯಾಂಕ್ಸ್‌ಗಿವಿಂಗ್ ವಾರದಲ್ಲೇ ಇಡುತ್ತಾರಾ? ಸ್ವಾಗತ ಶುರುವಾದದ್ದು ಅಲ್ಲಿ ಅಂತ ನನ್ನ ಲೆಕ್ಕ. ಬಾಯಲ್ಲಿ ಮಾತ್ರ ಯಾರೂ ಹೇಳಲಿಲ್ಲ.

ಯುಟಿ, ಒಕ್ಲಹೋಮಾ ಎರಡೂ ಸೇರಿ ಬಿಗ್ 12ಕ್ಕೆ 10 ಕೋಟಿ ಡಾಲರ್ ತೆತ್ತು ಒಂದು ವರ್ಷ ಮುಂಚೆ ಬಿಡಿಸಿಕೊಂಡವು. 2024ರ ಜುಲೈ 1ರಂದು ಎಸ್‌ಇಸಿಗೆ ಬಂದವು. ನವೆಂಬರ್ 30ರಂದು ಕೈಲ್ ಫೀಲ್ಡ್‌ನಲ್ಲಿ ಪಂದ್ಯ. ಸ್ಟೇಡಿಯಂ ಹಿಡಿಸುವುದು 1,02,733. ಅವತ್ತು ಸೇರಿದ್ದು 1,09,028. ನಾನು ಮನೆಯಲ್ಲಿ ಟಿವಿ ಮುಂದೆ ಇದ್ದೆ, ಟಿಕೆಟ್ ಬೆಲೆ ನೋಡಿ ಹೆಂಡತಿ ಬರೀ ನನ್ನ ಮುಖ ನೋಡಿದಳು. ಗೆದ್ದವರಿಗೆ ಎಸ್‌ಇಸಿ ಫೈನಲ್. ಸೋತದ್ದು ನಾವು, 17-7. ಕೊನೆಯ ಭಾಗದಲ್ಲಿ ಅಂಕ ಸಿಗುವ ಗೆರೆಗೆ ಒಂದೇ ಗಜ ಇದ್ದಾಗ ನಾಲ್ಕನೇ, ಅಂದರೆ ಕೊನೆಯ, ಯತ್ನದಲ್ಲೂ ನಮ್ಮವರಿಗೆ ದಾಟಲಾಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಆಸ್ಟಿನ್‌ನ ಗೆಳೆಯರು ರಾತ್ರಿಯಿಡೀ ಕಾಟ ಕೊಟ್ಟರು. ಸಿಟ್ಟು ಬಂತು. ಆದರೆ ಅಂಥ ಕಾಟ ತಿಂದು ಎಷ್ಟು ವರ್ಷ ಆಗಿತ್ತು ಅನ್ನಿಸಿದ್ದೂ ಹೌದು.

ಉಳಿದ ಎಸ್‌ಇಸಿಯವರು ಹೇಗೆ ಸ್ವಾಗತಿಸಿದರು ಅಂತ ಕೇಳಿದರೆ, ಕೊಂಬನ್ನು ಕೆಳಗೆ ಮಾಡಿ! ಯುಟಿಯವರು ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಗುರುತು ಮಾಡುತ್ತಾರೆ. ಅದನ್ನೇ ತಲೆಕೆಳಗು ಮಾಡಿ ತೋರಿಸುವುದು ಅವರಿಗೆ ಕೆಣಕು. ಇದನ್ನು ಹೋದಲ್ಲೆಲ್ಲ ತೋರಿಸಿದರು. ಯುಟಿಯವರೂ ಕಮ್ಮಿಯೇನಲ್ಲ. 2024ರ ಅಕ್ಟೋಬರ್ 19ರಂದು ಜಾರ್ಜಿಯಾ ಆಸ್ಟಿನ್‌ಗೆ ಬಂದಿದ್ದಾಗ ಅಂಪೈರ್ ತೀರ್ಪು ಒಂದಕ್ಕೆ ಸಿಟ್ಟಾಗಿ ಅಲ್ಲಿನ ಪ್ರೇಕ್ಷಕರು ಮೈದಾನಕ್ಕೆ ಬಾಟಲಿ ಎಸೆದರು. ಎಸ್‌ಇಸಿ 2,50,000 ಡಾಲರ್ ದಂಡ ಹಾಕಿತು. ಅಂತೂ ಮನೆಗೆ ಬಂದ ಮೊದಲ ವರ್ಷವೇ ಎಲ್ಲ ಪದ್ಧತಿ ಕಲಿತುಬಿಟ್ಟರು ಅಂತ ನಮ್ಮ ಕಡೆ ತಮಾಷೆ ಮಾಡಿದೆವು. ಡಿಸೆಂಬರ್‌ನಲ್ಲಿ ಫೈನಲ್‌ನಲ್ಲಿ ಜಾರ್ಜಿಯಾ ಅವರನ್ನು ಹೆಚ್ಚುವರಿ ಆಟದಲ್ಲಿ 22-19ರಿಂದ ಸೋಲಿಸಿದಾಗ ಎ ಅಂಡ್ ಎಂನವರು ಯಾರ ಕಡೆ ಇದ್ದರು ಅಂತ ಕೇಳಬೇಡಿ.

2025ರದ್ದು ಇನ್ನೂ ಮಜಾ. ನಮ್ಮ ತಂಡ 11 ಪಂದ್ಯ ಆಡಿ ಒಂದೂ ಸೋಲದೆ ಆಸ್ಟಿನ್‌ಗೆ ಹೋಯಿತು. 27-17ರಿಂದ ಸೋತಿತು. ಆದರೂ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್‌ಗೆ ಮೊದಲ ಸಲ ಆಯ್ಕೆಯಾದದ್ದು ನಾವು, ಗೆದ್ದ ಯುಟಿ ಹೊರಗೆ ಉಳಿಯಿತು. ಅವರು "ನಿಮ್ಮನ್ನು ಸೋಲಿಸಿದ್ದೇವೆ" ಅನ್ನುತ್ತಾರೆ, ನಾವು "ನೀವು ಎಲ್ಲಿದ್ದಿರಿ?" ಅನ್ನುತ್ತೇವೆ. ನಾವು ಅಲ್ಲಿ ಮೊದಲ ಪಂದ್ಯದಲ್ಲೇ ಮಯಾಮಿಗೆ 10-3ರಿಂದ ಸೋತೆವು ಅನ್ನುವುದನ್ನು ಅವರು ನೆನಪಿಸುತ್ತಾರೆ. ಹೀಗೇ ನಡೆದಿದೆ.

ವೈರಿ ದೂರ ಹೋದರೆ ಏನಾಗುತ್ತದೆ ಅಂತ ನೋಡಬೇಕಾದರೆ ಒಕ್ಲಹೋಮಾದ ಕಡೆ ನೋಡಿ. ಒಕ್ಲಹೋಮಾ ಯುಟಿ ಜೊತೆ ಎಸ್‌ಇಸಿಗೆ ಬಂತು. ಅದರ ನೆರೆಯ ಒಕ್ಲಹೋಮಾ ಸ್ಟೇಟ್ ಬಿಗ್ 12ರಲ್ಲೇ ಉಳಿಯಿತು. ನೂರು ವರ್ಷಕ್ಕೂ ಹಳೆಯ ಅವರ ಪಂದ್ಯ 2023ರ ನವೆಂಬರ್‌ನಲ್ಲಿ ನಿಂತುಹೋಯಿತು. ಕೊನೆಯದನ್ನು ಸ್ಟೇಟ್‌ನವರು 27-24ರಿಂದ ಗೆದ್ದರು. ಅಲ್ಲಿ ಓದಿದ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಪಂದ್ಯದ ದಿನ ನಮ್ಮನ್ನು ನೋಡಿ, ನಿಮ್ಮ ಪುಣ್ಯ ಮಾರಾಯಾ ಅಂತ ಅರ್ಥ ಬರುವ ಹಾಗೆ ತಲೆಯಾಡಿಸಿದರು. ಅವರಿಗೆ ನಮ್ಮ ಸೋಲಿನ ಬಗ್ಗೆಯೂ ಹೊಟ್ಟೆಕಿಚ್ಚು!

ನಿಮ್ಮ ತಮ್ಮನಿಗೆ ಹೇಳಿ, ಧಾರಾಳವಾಗಿ ಹೋಗಲಿ. 2026ರಿಂದ ಎಸ್‌ಇಸಿಯಲ್ಲಿ ಪ್ರತಿ ತಂಡಕ್ಕೂ ವರ್ಷ ವರ್ಷವೂ ಆಡಲೇಬೇಕಾದ ಮೂರು ಎದುರಾಳಿಗಳನ್ನು ಗೊತ್ತು ಮಾಡಿದ್ದಾರೆ, ಇವರಿಬ್ಬರೂ ಒಬ್ಬರ ಪಟ್ಟಿಯಲ್ಲಿ ಒಬ್ಬರಿದ್ದಾರೆ. ಆದ್ದರಿಂದ ಈ ಸಲ ತಪ್ಪಿದರೆ ಇನ್ನೊಂದು ಸಲ ಇದೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ವಿದ್ಯಾರ್ಥಿ ಪಾಸ್ ಇದ್ದರೆ ಆಸ್ಟಿನ್ ಪಂದ್ಯ ಅಗ್ಗ. ಕಾಲೇಜ್ ಸ್ಟೇಷನ್‌ಗೆ ಬರುವುದಾದರೆ ಯುಟಿಯ ಕಿತ್ತಳೆ ಬಣ್ಣದ ಅಂಗಿಯಲ್ಲೇ ಬರಲಿ, ಯಾರೂ ಏನೂ ಮಾಡುವುದಿಲ್ಲ. ಎದುರು ಸಿಕ್ಕವರು ಮೊದಲು "ಹೌಡಿ" ಅಂತ ನಗುತ್ತಾರೆ, ಆಮೇಲೆ ಬೆರಳು ಕೆಳಗೆ ಮಾಡಿ ತೋರಿಸುತ್ತಾರೆ. ಆಟ ಶುರುವಾಗುವುದಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಒಲೆ ಹೂಡಿಕೊಂಡವರು ತಿನ್ನಲು ಕರೆದರೆ ಸಂಕೋಚ ಮಾಡಿಕೊಳ್ಳಬೇಡ ಅನ್ನಿ. ಸಸ್ಯಾಹಾರಿ ಆಗಿದ್ದರೆ ಮಾತ್ರ ಊಟ ಮುಗಿಸಿಕೊಂಡೇ ಬರಲಿ.