ಗೇಮ್‌ನಲ್ಲಿ ಉಗ್ಗದ ಹುಡುಗ

(ನನ್ನ ಬಳಿ ಸಮಾಲೋಚನೆಗೆ ಬಂದವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಮನೇಲಿ ಯಾರೋ ತೀರಿಕೊಂಡ ಹಾಗೆ ಕೂತಿರ್ತಾನೆ ಮೇಡಂ. ಎರಡು ವಾರದಿಂದ ಸರಿಯಾಗಿ ಊಟ ಇಲ್ಲ" ಎಂದರು ತಾಯಿ. ತಂದೆಗೆ ಸಿಟ್ಟು. "ಮೊಬೈಲ್ ಆಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" 19 ವರ್ಷದ ಮಗ, ಡಿಪ್ಲೊಮಾ ಓದುತ್ತಿರುವವನು, ತಲೆಯನ್ನೇ ಎತ್ತಲಿಲ್ಲ.

ಅವನಿಗೆ ಚಿಕ್ಕಂದಿನಿಂದ ಉಗ್ಗು. 2023ರ ಮೇನಲ್ಲಿ ಬಿಜಿಎಂಐ (ತಂಡ ಕಟ್ಟಿಕೊಂಡು ಆಡುವ ಮೊಬೈಲ್ ಶೂಟಿಂಗ್ ಆಟ) ಮತ್ತೆ ಶುರುವಾದಾಗಿನಿಂದ ನಾಲ್ವರ ಸ್ಕ್ವಾಡ್‌ಗೆ ಅವನೇ ಲೀಡರ್. ಪರೀಕ್ಷೆ ಎಂದು ಹತ್ತು ದಿನ ಆಡಲಿಲ್ಲ. ಮುಗಿಸಿ ಬಂದು ನೋಡಿದರೆ ಅವನನ್ನು ಕ್ಲಾನ್‌ನಿಂದ, ಅಂದರೆ ಆಟದೊಳಗಿನ ಗೆಳೆಯರ ಗುಂಪಿನಿಂದ, ತೆಗೆದಿದ್ದರು. ಒಂದು ಮಾತೂ ಹೇಳಿರಲಿಲ್ಲ.

ಹುಡುಗ ಫೋನ್ ತೆಗೆದು ಆಟದ ಹಳೇ ರೆಕಾರ್ಡಿಂಗ್ ಹಾಕಿದ. "ಲೆಫ್ಟಲ್ಲಿ ಇಬ್ರಿದಾರೆ, ಸ್ಮೋಕ್ ಹಾಕು, ನೀನು ಅಲ್ಲೇ ಇರು, ನಾನ್ ಬಂದು ರಿವೈವ್ ಮಾಡ್ತೀನಿ." ಎಲ್ಲೂ ಮಾತು ತಡೆಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ ತಾಯಿಯ ಕೈ ಅಲ್ಲೇ ನಿಂತಿತು. "ಇದು ಇವನ ದನೀನಾ?"

ಹುಡುಗ ಕೇಳಿದ. "ನಿ... ನಿಜವಾದ ನಾನು ಯಾರು ಮೇಡಂ? ಅವನಾ, ಇವನಾ?"

ಇಬ್ಬರೂ ನೀನೇ ಅಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. ಎದುರಿಗಿರುವವರು, ಸಂದರ್ಭ ಬದಲಾದಂತೆ ಉಗ್ಗು ಹೆಚ್ಚು ಕಡಿಮೆ ಆಗುತ್ತದೆ. ಆ ದನಿ ಅವನ ಗಂಟಲಿನದೇ ಅಲ್ವಾ? ಸಂಶೋಧಕರಾದ ನಿಕ್ ಯೀ, ಜೆರೆಮಿ ಬೈಲೆನ್ಸನ್ ಮತ್ತು ಸಂಗಡಿಗರ 2009ರ ಅಧ್ಯಯನವನ್ನೂ ಹೇಳಿದೆ. ವರ್ಚುವಲ್ ಲೋಕದಲ್ಲಿ ಎತ್ತರದ ರೂಪ ಪಡೆದವರು, ಹೊರಗೆ ಬಂದ ಮೇಲೂ ಮುಖಾಮುಖಿ ಚೌಕಾಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತರು. ಅಲ್ಲಿ ಬಂದ ಧೈರ್ಯ ಸ್ವಲ್ಪ ಹೊತ್ತಾದರೂ ಜೊತೆಗೆ ಬರುತ್ತದೆ.

ತಂದೆ ಇದನ್ನು ಚಟ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆ ಎನ್ನಬೇಕಾದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕು ಕೆಡುತ್ತಿದ್ದರೂ ಬಿಡಲಾಗದಂತಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ನಡೆದಿರಬೇಕು. ಈ ಹುಡುಗ ಪರೀಕ್ಷೆಗಾಗಿ ತಾನೇ ನಿಲ್ಲಿಸಿದ್ದ. ನಿಲ್ಲಿಸಿದ್ದಕ್ಕೇ ಗೆಳೆಯರನ್ನು ಕಳೆದುಕೊಂಡ. ನನಗೆ ಕಂಡಿದ್ದು ದುಃಖ. ಮುಖ ನೋಡಿರದ ಗೆಳೆಯರಾದರೇನು, ದಿನಾ ರಾತ್ರಿ ಕೇಳುತ್ತಿದ್ದ ದನಿಗಳು ಒಂದೇ ದಿನಕ್ಕೆ ನಿಂತುಹೋದರೆ ಎದೆ ಖಾಲಿಯಾಗುತ್ತದೆ.

ತಂದೆತಾಯಿಗೆ ಹೇಳಿದ್ದು ಇಷ್ಟು: "ಸುಮ್ನೆ ಒಂದು ಆಟ" ಅನ್ನಬೇಡಿ. ಆ್ಯಪ್ ಡಿಲೀಟ್ ಮಾಡಿಸಬೇಡಿ. ಅವನ ಮಾತು ನಿಂತಾಗ ನೀವು ಪೂರ್ತಿ ಮಾಡಬೇಡಿ, ಕಾಯಿರಿ. ಹುಡುಗನಿಗೆ, ರಾತ್ರಿ ಹನ್ನೊಂದಕ್ಕೆ ಆಟ ಮುಗಿಸು, ಸ್ಕ್ವಾಡ್‌ನಲ್ಲಿ ಹತ್ತಿರವಿದ್ದ ಒಬ್ಬನಿಗಾದರೂ ನಿನಗಾದ ನೋವನ್ನು ಬರೆದು ಕಳಿಸು ಎಂದೆ. ದಿನಕ್ಕೊಂದು ಫೋನ್ ಕರೆ ಮಾಡುವುದು, ಮೊದಲು ದಿನಸಿ ಅಂಗಡಿಗೆ. ಮುಖ ಕಾಣದ ಮಾತು ಅವನಿಗೆ ಅಭ್ಯಾಸವಿದೆ, ಅಲ್ಲಿಂದಲೇ ಶುರುವಾಗಲಿ. ಉಗ್ಗಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಪತ್ರ ಕೊಟ್ಟೆ.

ಐದನೇ ವಾರ ಬಂದ. ಅಂಗಡಿಯವರ ಹತ್ತಿರ "ತೊಗರಿಬೇಳೆ" ಅನ್ನುವಾಗ ಸಿಕ್ಕಿಹಾಕಿಕೊಂಡನಂತೆ. ಫೋನ್ ಇಡಲಿಲ್ಲವಂತೆ. ಮುಂದಿನ ತಿಂಗಳು ವೈವಾ (ಮೌಖಿಕ ಪರೀಕ್ಷೆ) ಇದೆ. ಸೋಮವಾರ ತಂದೆಯೇ ರಜೆ ಹಾಕಿ ಮೈಸೂರಿಗೆ ಕರೆದುಕೊಂಡು ಹೋಗಿದ್ದರು.